ನಾಯಿಮರಿಗೆ ಜಂತುಹುಳು ಬಾಧೆ: ಎರಡನೇ ವಾರದಿಂದಲೇ ಬೇಕು ಔಷಧಿ

ನಾಯಿಮರಿಯನ್ನು ಮನೆಗೆ ತಂದವರು ರೇಬೀಸ್ ಲಸಿಕೆಯ ಬಗ್ಗೆ ತಪ್ಪದೆ ವಿಚಾರಿಸುತ್ತಾರೆ. ಆದರೆ ಜಂತುಹುಳುವಿನ ನೆನಪಾಗುವುದು ಮರಿಯ ಹೊಟ್ಟೆ ಉಬ್ಬಿದಾಗ ಅಥವಾ ವಾಂತಿಯಲ್ಲಿ ಹುಳು ಕಂಡಾಗ ಮಾತ್ರ. ಅಷ್ಟು ಹೊತ್ತಿಗೆ ಮರಿ ಸೊರಗಿರುತ್ತದೆ.

ಮರಿಗಳನ್ನು ಹೆಚ್ಚಾಗಿ ಕಾಡುವುದು ದುಂಡುಹುಳು. ತಾಯಿನಾಯಿಯ ದೇಹದಲ್ಲಿ ಸುಪ್ತವಾಗಿರುವ ಇದರ ಲಾರ್ವಾಗಳು ಗರ್ಭದಲ್ಲಿರುವಾಗಲೇ ಮರಿಯನ್ನು ಸೇರುತ್ತವೆ. ಹುಟ್ಟಿದ ಮೇಲೆ ಹಾಲಿನ ಮೂಲಕವೂ ಬರುತ್ತವೆ. ಹೀಗಾಗಿ ಮನೆಯಿಂದ ಹೊರಗೆ ಕಾಲಿಡದ ಮರಿಗೂ ಸೋಂಕು ತಗುಲಿರಬಹುದು.

ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಸಡು ಬಿಳಿಚಿಕೊಳ್ಳುವುದು, ಮಲ ಕಪ್ಪಾಗುವುದು, ನಿಶ್ಶಕ್ತಿ ಇದರ ಲಕ್ಷಣಗಳು. ಎಳೆಯ ಮರಿಗಳಿಗೆ ಇದು ಪ್ರಾಣಾಂತಿಕವಾಗಬಲ್ಲದು. ಲಾಡಿಹುಳುವಿನ ಒಂದು ಬಗೆ ಚಿಗಟದಿಂದ ಬರುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿಯು ಸೋಂಕಿರುವ ಚಿಗಟವನ್ನು ನುಂಗಿದರೆ ಹುಳು ಹೊಟ್ಟೆ ಸೇರುತ್ತದೆ. ಗುದದ ಸುತ್ತ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಇದೇ ಎಂದು ಶಂಕಿಸಬೇಕು. ಚಿಗಟ ನಿವಾರಿಸದೆ ಮಾತ್ರೆಯನ್ನಷ್ಟೇ ಕೊಟ್ಟರೆ ಹುಳು ಮರುಕಳಿಸುತ್ತದೆ.

ಔಷಧಿಯ ಕ್ರಮ: ಮರಿಗೆ 2 ವಾರ ತುಂಬಿದಾಗ ಆರಂಭಿಸಿ 8 ವಾರದವರೆಗೆ 2 ವಾರಕ್ಕೊಮ್ಮೆ, ನಂತರ 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ಔಷಧಿ ನೀಡುವುದು ಸಾಮಾನ್ಯ ಪದ್ಧತಿ. ಮರಿಗಳ ಜೊತೆ ತಾಯಿನಾಯಿಗೂ ಕೊಡಬೇಕು. ಪೈರಾಂಟೆಲ್ ದುಂಡುಹುಳು ಮತ್ತು ಕೊಕ್ಕೆಹುಳುಗಳ ಮೇಲೆ ಪರಿಣಾಮಕಾರಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಆದ್ದರಿಂದ ಅಂದಾಜಿನ ಮೇಲೆ ಮಾತ್ರೆ ನುಂಗಿಸದೆ ಪಶುವೈದ್ಯರನ್ನು ಕಾಣುವುದು ಕ್ಷೇಮ.

ಮಕ್ಕಳಿರುವ ಮನೆಯಲ್ಲಿ: ಸೋಂಕಿರುವ ನಾಯಿಯ ಮಲದಲ್ಲಿ ದುಂಡುಹುಳುವಿನ ಮೊಟ್ಟೆಗಳಿರುತ್ತವೆ. ಅವು ಕೂಡಲೇ ಸೋಂಕು ಹರಡುವುದಿಲ್ಲ. ಮಣ್ಣಿನಲ್ಲಿ ಬಲಿಯಲು ಸುಮಾರು 2ರಿಂದ 4 ವಾರ ಬೇಕು. ಬಲಿತ ಮೇಲೆ ವರ್ಷಗಟ್ಟಲೆ ಉಳಿಯಬಲ್ಲವು. ಆ ಮಣ್ಣಿನಲ್ಲಿ ಆಡಿದ ಮಗು ಕೈಯನ್ನು ಬಾಯಿಗಿಟ್ಟರೆ ಲಾರ್ವಾಗಳು ದೇಹದೊಳಗೆ ಸಂಚರಿಸಿ ಯಕೃತ್ತು, ಶ್ವಾಸಕೋಶ, ಕಣ್ಣುಗಳನ್ನು ತಲುಪಬಹುದು. ಅಪರೂಪಕ್ಕೆ ದೃಷ್ಟಿ ಕಳೆದುಕೊಳ್ಳುವುದೂ ಉಂಟು. ಕೊಕ್ಕೆಹುಳುವಿನ ಲಾರ್ವಾ ಬರಿಗಾಲಿನ ಚರ್ಮದ ಮೂಲಕವೇ ಒಳಹೊಕ್ಕು ತುರಿಕೆಯ ಗೆರೆ ಮೂಡಿಸುತ್ತದೆ.

ನಿವಾರಣೆ ಕಷ್ಟವಲ್ಲ. ನಾಯಿಯ ಮಲವನ್ನು ಅಂದಂದೇ ತೆಗೆದು ವಿಲೇವಾರಿ ಮಾಡಿದರೆ ದುಂಡುಹುಳುವಿನ ಮೊಟ್ಟೆಗೆ ಬಲಿಯಲು ಕಾಲಾವಕಾಶವೇ ಸಿಗದು. ಹಸಿ ಮಾಂಸ, ಕರುಳು, ಯಕೃತ್ತನ್ನು ನಾಯಿಗೆ ಹಾಕಬಾರದು. ಚೆನ್ನಾಗಿ ಬೇಯಿಸಿಯೇ ಕೊಡಬೇಕು. ನಾಯಿಯೊಡನೆ ಆಡಿದ ಮಕ್ಕಳಿಗೆ ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯುವ ರೂಢಿ ಮಾಡಿಸಬೇಕು. ಮುಂದಿನ ಔಷಧಿಯ ದಿನಾಂಕವನ್ನು ಲಸಿಕೆ ಪುಸ್ತಕದಲ್ಲೇ ಬರೆಸಿಕೊಂಡರೆ ಮರೆಯುವ ಪ್ರಮೇಯವಿರುವುದಿಲ್ಲ.