ಕೆಮ್ಮು ಹದಿನೈದು ದಿನ ದಾಟಿದರೆ

ಡಿಸೆಂಬರ್ ಬಂತೆಂದರೆ ಫಜ್ರ್ ನಮಾಝ್‌ನ ಸಫ್‌ಗಳಲ್ಲಿ ಕೆಮ್ಮು ಕೇಳಿಸತೊಡಗುತ್ತದೆ. ಒಬ್ಬರು ಶುರು ಮಾಡಿದರೆ ಪಕ್ಕದವರಿಗೂ ಗಂಟಲು ಕೆರೆಯುತ್ತದೆ. ಬೆಳಗಿನ ಚಳಿಗಾಳಿ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಯ ಧೂಳು, ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ನೆಗಡಿ, ಕಾರಣಕ್ಕೇನೂ ಬರವಿಲ್ಲ. ಮನೆಯಲ್ಲಿ ದಾದಿಯೋ ನಾನಿಯೋ ಒಂದು ಲೋಟ ಜೋಶಾಂದಾ ಕಾಯಿಸಿ ಕೊಡುತ್ತಾರೆ. ಕುಡಿದು ಮಲಗಿದರೆ ಹಾಯೆನಿಸುತ್ತದೆ. ನಾನು ಯುನಾನಿ ವೈದ್ಯ. ಆ ಲೋಟದ ಬಗ್ಗೆ ನನಗೆ ನಂಬಿಕೆಯೂ ಇದೆ, ಪ್ರೀತಿಯೂ ಇದೆ. ಆದರೆ ಅದನ್ನು ಎಷ್ಟು ದಿನ ನಂಬಬೇಕು ಎಂಬುದನ್ನೂ ಹೇಳಲೇಬೇಕಾಗಿದೆ.

ಕೆಮ್ಮು ತಾನೇ ಒಂದು ರೋಗವಲ್ಲ. ಶ್ವಾಸಕೋಶವು ತನಗೆ ತೊಂದರೆ ಕೊಡುವುದನ್ನು ಹೊರದೂಡುವ ಚಲನೆಯೇ ಕೆಮ್ಮು ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ವಿವರಿಸಿದ್ದಾರೆ. ಹಾಗಾಗಿ ಯುನಾನಿಯಲ್ಲಿ ಮೊದಲು ಕೇಳುವ ಪ್ರಶ್ನೆ: ಇದು ಒಣ ಕೆಮ್ಮೋ, ಕಫದ ಕೆಮ್ಮೋ? ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಯಾವ ಕೆಮ್ಮಾದರೂ ಸರಿ, ಮೆಣಸು, ಒಣಶುಂಠಿ, ಲವಂಗ ಹಾಕಿ ಖಾರವಾದ ಕಷಾಯ ಮಾಡುತ್ತಾರೆ. ಕಫ ಗಟ್ಟಿಯಾಗಿ ಎದೆಯಲ್ಲಿ ಕೂತಿದ್ದರೆ ಅದು ಒಳ್ಳೆಯದೇ. ಆದರೆ ಗಂಟಲು ಒಣಗಿ, ರಾತ್ರಿಯಿಡೀ ಕೆರೆಯುವ ಕೆಮ್ಮಿಗೆ ಅದೇ ಕಷಾಯ ಕೊಟ್ಟರೆ ಉರಿಯುವ ಜಾಗಕ್ಕೆ ಇನ್ನಷ್ಟು ಉರಿ ಹಚ್ಚಿದಂತೆ.

ಒಣ ಕೆಮ್ಮಿಗೆ ಬೇಕಾದದ್ದು ಜಿಗುಟಾದ, ತಂಪಾದ ಪದಾರ್ಥ. ಬಿಹಿದಾನ 3 ಗ್ರಾಂ, ಉನ್ನಾಬ್ 5, ಸಪಿಸ್ತಾನ್ 9. ಇದು ನಮ್ಮ ಹಕೀಮರ ಹಳೆಯ ಲೆಕ್ಕ. ಉನ್ನಾಬ್ ಎಂದರೆ ಬೋರೆಹಣ್ಣಿನ ಜಾತಿಯ ಒಣಹಣ್ಣು, ಸಪಿಸ್ತಾನ್ ಎಂದರೆ ನಮ್ಮ ಹಳ್ಳಿಗಳಲ್ಲಿ ಸಿಗುವ ಚಳ್ಳೆ ಹಣ್ಣು. ಮೂರೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಉನ್ನಾಬ್ ಮತ್ತು ಸಪಿಸ್ತಾನನ್ನು ಒಂದೂವರೆ ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ. ಬಿಹಿದಾನವನ್ನು ಬೇರೆಯಾಗಿ ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಸಿಟ್ಟರೆ ಲೋಳೆ ಬಿಡುತ್ತದೆ. ಆ ಲೋಳೆಯನ್ನು ಮಾತ್ರ ಸೋಸಿ ಸೇರಿಸಿ. ಬೀಜವನ್ನು ಜಜ್ಜಬೇಡಿ, ಅಗಿಯಬೇಡಿ, ಅದರೊಳಗಿನ ತಿರುಳು ಹೊಟ್ಟೆಗೆ ಒಳ್ಳೆಯದಲ್ಲ. ದೊಡ್ಡವರು ಇದನ್ನು ಉಗುರು ಬೆಚ್ಚಗೆ ಬೆಳಗ್ಗೆ ಅರ್ಧ, ರಾತ್ರಿ ಅರ್ಧ ಕುಡಿಯಬಹುದು. ಅಷ್ಟೆಲ್ಲ ಹೊಂದಿಸಲಾಗದಿದ್ದರೆ ಒಂದು ಚಮಚ ಅಗಸೆ ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರಿಗೆ ಜೇನು ಬೆರೆಸಿ ಕುಡಿದರೂ ಗಂಟಲಿಗೆ ಹಿತ.

ಕಫದ ಕೆಮ್ಮಿಗೆ ಒಣಶುಂಠಿ, ಅತಿಮಧುರ, ದೊಡ್ಡಪತ್ರೆ ರಸ, ಬಿಸಿನೀರು. ಕಫ ಮೊದಲು ಪಕ್ವವಾಗಬೇಕು, ಆಮೇಲೆ ಸುಲಭವಾಗಿ ಹೊರಬರುತ್ತದೆ ಎಂಬುದು ನಮ್ಮ ಪದ್ಧತಿಯ ನಿಯಮ. ಹೊರಬರುತ್ತಿರುವ ಕಫವನ್ನು ನಿದ್ದೆಯ ಸಿರಪ್ಪಿನಿಂದ ಅದುಮಬೇಡಿ. ಅತಿಮಧುರದ ವಿಷಯದಲ್ಲಿ ಒಂದು ಎಚ್ಚರಿಕೆ. ಬಿ.ಪಿ. ಇರುವವರು, ಗರ್ಭಿಣಿಯರು ಅದನ್ನು ದಿನವೂ ಸೇವಿಸಬಾರದು. ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಲ್ಲರಿಗೂ ನಿರಪಾಯ ಎಂದುಕೊಳ್ಳುವುದು ನಮ್ಮವರಲ್ಲಿ ಬೇರೂರಿರುವ ತಪ್ಪು. ಆಡುಸೋಗೆಯನ್ನೂ ಗರ್ಭಿಣಿಯರು ಮುಟ್ಟಬಾರದು.

ಜೇನಿನಲ್ಲಿ ಜನರಿಗೆ ಶಮನವಿದೆಯೆಂದು ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯ ತಿಳಿಸುತ್ತದೆ. ಮಕ್ಕಳ ರಾತ್ರಿ ಕೆಮ್ಮಿಗೆ ಮಲಗುವ ಮುನ್ನ ಅರ್ಧದಿಂದ ಒಂದು ಚಿಕ್ಕ ಚಮಚ ಜೇನು ಒಳ್ಳೆಯ ಉಪಾಯವೆಂದು ಇಂದಿನ ವೈದ್ಯವಿಜ್ಞಾನವೂ ಒಪ್ಪಿದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಇರಬಹುದಾದ, ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಹಸುಳೆಯ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಿ, ಮಗುವಿನ ಸ್ನಾಯುಗಳನ್ನೇ ಸೋಲಿಸಬಲ್ಲದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಇದೆ. ತಹ್‌ನೀಕ್ ಕುರಿತ ಪ್ರಸಿದ್ಧ ಹದೀಸ್‌ಗಳಲ್ಲಿ ಬರುವುದು ಖರ್ಜೂರ ಎಂಬುದನ್ನು ಮನೆಯ ಹಿರಿಯರಿಗೆ ಗೌರವದಿಂದಲೇ ನೆನಪಿಸಿ. ಹಾಗೆಯೇ ಅಂಗಡಿಯಿಂದ ಸಿರಪ್ ತಂದು ಮಕ್ಕಳಿಗೆ ಕುಡಿಸಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು.

ಔಷಧ ಹುಡುಕುವ ಮೊದಲು ಮನೆಯ ಗಾಳಿಯನ್ನೊಮ್ಮೆ ನೋಡಿ. ಗುರುವಾರ ಸಂಜೆ ಕಿಟಕಿ ಮುಚ್ಚಿ ಹಾಕುವ ಲೋಬಾನದ ಹೊಗೆ, ರಾತ್ರಿಯಿಡೀ ಉರಿಯುವ ಸೊಳ್ಳೆ ಬತ್ತಿ, ಬಾತ್‌ರೂಮಿನ ಪಕ್ಕ ಒಣಗದ ಗೋಡೆಯ ಬೂಷ್ಟು. ಪಾದರಾಯನಪುರ, ಗೋರಿಪಾಳ್ಯದ ಕಡೆಯಿಂದ ಬರುವ ಹೆಂಗಸರನ್ನು ನಾನು ತಪ್ಪದೆ ಕೇಳುವ ಪ್ರಶ್ನೆ, “ಊದುಬತ್ತಿ ಹೊಸೆಯುತ್ತೀರಾ?” ಮಲಗುವ ಕೋಣೆಯಲ್ಲೇ ಇದ್ದಿಲು ಪುಡಿ, ಜಿಗಟು ಪುಡಿ ಕಲಸಿ ದಿನಕ್ಕೆ ಆರೇಳು ಗಂಟೆ ಕೂತರೆ ಯಾವ ಜೋಶಾಂದಾ ತಾನೇ ಕೆಲಸ ಮಾಡೀತು? ಕೆಲಸ ಬಿಡಿ ಎಂದು ನಾನು ಹೇಳಲಾರೆ, ಅದು ಮನೆ ನಡೆಸುವ ದುಡಿಮೆ. ಪುಡಿ ಕಲಸುವುದನ್ನು ಬಾಗಿಲ ಹೊರಗೆ ಮಾಡಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಮಗುವಿನ ತೊಟ್ಟಿಲನ್ನು ಆ ಕೋಣೆಯಲ್ಲಿ ಇಡಬೇಡಿ ಎನ್ನುತ್ತೇನೆ.

ಇನ್ನು ಕೆಲವರ ಕೆಮ್ಮಿನ ಮೂಲ ಎದೆಯಲ್ಲಿಯೇ ಇರುವುದಿಲ್ಲ. ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ಬಿ.ಪಿ. ಮಾತ್ರೆಗಳು ಕೆಲವರಿಗೆ ತಿಂಗಳುಗಟ್ಟಲೆ ಒಣ ಕೆಮ್ಮು ತರುತ್ತವೆ. ಮಾತ್ರೆ ಬರೆದ ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ. ತಡರಾತ್ರಿ ದಾವತ್ ಮುಗಿಸಿ ಬಿರಿಯಾನಿ ತಿಂದು ಕೂಡಲೇ ಮಲಗುವವರಿಗೆ ಹೊಟ್ಟೆಯ ಆಮ್ಲ ಮೇಲೇರಿ ಕೆಮ್ಮು ಬರುತ್ತದೆ. ಬೆಳಗಿನ ಜಾವ ಕೆಮ್ಮಿನ ಜೊತೆ ಎದೆಯಲ್ಲಿ ಸುಯ್ ಎಂಬ ಸದ್ದು ಬಂದರೆ ಅದು ಅಸ್ತಮಾ ಇರಬಹುದು.

ಈಗ ನಾನು ಹೇಳಬೇಕೆಂದಿದ್ದ ಮಾತು. ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ಒಬ್ಬ ತಾಯಿ ಮಗಳನ್ನು ಕರೆತಂದಿದ್ದರು. ಐದು ವಾರದ ಕೆಮ್ಮು, ಸಂಜೆ ಮೈ ಸ್ವಲ್ಪ ಬಿಸಿ. ಮದುವೆ ನಿಶ್ಚಯವಾಗಿತ್ತು. “ಎಕ್ಸ್‌ರೇ ಅಂದರೆ ಹುಡುಗನ ಮನೆಯವರ ಕಿವಿಗೆ ಬೀಳುತ್ತದೆ ಹಕೀಮ್ ಸಾಹೇಬರೇ, ಧೂಳಿನ ಅಲರ್ಜಿ ಅಷ್ಟೇ, ಏನಾದರೂ ಲಊಕ್ ಕೊಡಿ” ಎಂದರು. ನಾನು ಕೊಟ್ಟೆ. ಹತ್ತು ದಿನಕ್ಕೆಂದು ಕೊಟ್ಟದ್ದು ತಿಂಗಳಾಯಿತು. ಸಪಿಸ್ತಾನದ ಲೇಹ್ಯ ಗಂಟಲನ್ನು ತಣಿಸಿತು, ಕೆಮ್ಮು ಕಡಿಮೆಯಾದಂತೆ ಕಂಡಿತು. ಕಫದಲ್ಲಿ ರಕ್ತ ಕಂಡ ದಿನ ಅವರು ಆಸ್ಪತ್ರೆಗೆ ಓಡಿದರು. ಕ್ಷಯ. ಅಷ್ಟರಲ್ಲಿ ಅವಳ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ತಮ್ಮನಿಗೂ ಹತ್ತಿತ್ತು. ಇಬ್ಬರೂ ಗುಣವಾದರು, ಅಲ್‌ಹಮ್ದುಲಿಲ್ಲಾಹ್. ತಮ್ಮನಿಗೆ ಹತ್ತಿದ್ದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ನಾನು ಮರೆತಿಲ್ಲ.

ಆ ದಿನದಿಂದ ನನ್ನ ಲೆಕ್ಕ ಸರಳ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ. ರೋಗಿ ಯಾರೇ ಇರಲಿ, ಕಾರಣ ಏನೇ ಹೇಳಲಿ. ನೆಗಡಿಯ ಕೆಮ್ಮು ಮೂರು ವಾರ ಎಳೆಯುವುದೂ ಉಂಟು, ಆದ್ದರಿಂದ ಹದಿನೈದನೆಯ ದಿನ ಎಲ್ಲರಿಗೂ ಕ್ಷಯವೆಂದು ಹೆದರಬೇಕಿಲ್ಲ. ಪರೀಕ್ಷೆ ಮಾಡಿಸಿ ನಿಶ್ಚಿಂತರಾಗಬಹುದು. ರಕ್ತ, ತೂಕ ಇಳಿಕೆ, ರಾತ್ರಿ ಬೆವರು, ಸಂಜೆ ಜ್ವರ ಇದ್ದರೆ ಎರಡು ವಾರವೂ ಕಾಯಬೇಡಿ. ಮಗು ಪಕ್ಕೆ ಒಳಗೆಳೆದು ವೇಗವಾಗಿ ಉಸಿರಾಡಿದರೆ, ಕಡಲೆಕಾಯಿ ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮು ಶುರುವಾದರೆ ಒಂದು ಗಂಟೆಯೂ ಕಾಯಬೇಡಿ.

ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಕಫ ಪರೀಕ್ಷೆ ಉಚಿತ. ಕಾಯಿಲೆ ಇದ್ದರೆ ಔಷಧವೂ ಉಚಿತ, ಸಾಮಾನ್ಯವಾಗಿ ಆರು ತಿಂಗಳು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದ ಆಹಾರದ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಸಹಾಯವಾಣಿ 1800-11-6666. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ಇ.ಎಸ್.ಐ. ಕಾರ್ಡ್ ಹೊಂದಿರುವವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ. ಯುನಾನಿ ಚಿಕಿತ್ಸೆಯೇ ಬೇಕೆನ್ನುವವರಿಗೆ ಬಸವೇಶ್ವರನಗರದ ಸರ್ಕಾರಿ ಯುನಾನಿ ಕಾಲೇಜು, ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ಸಂಸ್ಥೆ ಎರಡೂ ನಮ್ಮ ಹತ್ತಿರದಲ್ಲೇ ಇವೆ. ಆದರೆ ಕ್ಷಯದ ಮಾತ್ರೆಗೆ ಬದಲಾಗಿ ನಮ್ಮಲ್ಲಿ ಯಾವ ಲೇಹ್ಯವೂ ಇಲ್ಲ. ಇದೆ ಎನ್ನುವ ಹಕೀಮರಿಂದ ದೂರವಿರಿ. ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಪೂರ್ತಿ ಗುಣವಾದ ಹುಡುಗಿ ಮದುವೆಯಾಗಬಹುದು, ತಾಯಿಯಾಗಬಹುದು. ಮುಚ್ಚಿಟ್ಟರೆ ಕೆಡುವುದೇ ಹೆಚ್ಚು.

ಕಫ ಕೊಡುವ ಕ್ರಮ ಗೊತ್ತಿರಲಿ, ಎಷ್ಟೋ ಜನ ಎಂಜಲು ತುಂಬಿ ಕೊಟ್ಟು ಬರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ, ತಿಂಡಿಗೆ ಮುಂಚೆ, ಬರಿ ನೀರಿನಿಂದ ಬಾಯಿ ಮುಕ್ಕಳಿಸಿ. ಮಹಡಿಯ ಮೇಲೋ ಅಂಗಳದಲ್ಲೋ ಗಾಳಿ ಆಡುವ ಕಡೆ, ಜನರಿಂದ ದೂರ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯೊಳಗಿನಿಂದ ಕೆಮ್ಮಿ, ಕೇಂದ್ರದವರು ಕೊಟ್ಟ ಡಬ್ಬಿಯಲ್ಲೇ ಉಗುಳಿ ಮುಚ್ಚಳ ಬಿಗಿಯಿರಿ. ಫಲಿತಾಂಶ ಬರುವವರೆಗೆ ಜೋಶಾಂದಾ ಕುಡಿಯುತ್ತಿರಲು ಅಡ್ಡಿಯಿಲ್ಲ.