ಬಿಂದುವಿನ ಕೆಳಗೆ ಬಿಂದು

ಬೀದರ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದುದು 1956ರ ನವೆಂಬರ್ 1ರಂದು. ಐದು ತಿಂಗಳ ತರುವಾಯ, 1957ರ ಏಪ್ರಿಲ್ 1ರಂದು, ದೇಶಕ್ಕೆಲ್ಲ ದಶಮಾಂಶ ನಾಣ್ಯ ಬಂದಿತು. ಅದುವರೆಗೆ ಕಳೆಯುವ ಲೆಕ್ಕದಲ್ಲಿ ರೂಪಾಯಿಯನ್ನು ಬಿಡಿಸಿದರೆ 16 ಆಣೆ, ಆಣೆಯನ್ನು ಬಿಡಿಸಿದರೆ 12 ಪೈ. ದಶಮಾಂಶದಲ್ಲಾದರೋ ಎಲ್ಲಿ ಬಿಡಿಸಿದರೂ ಹತ್ತೇ. ಹೀಗಿದ್ದೂ ಮಕ್ಕಳು ಎಡವುವುದೇಕೆ?

ಔರಾದದ ರೈತನೊಬ್ಬನು ತನ್ನ 5.3 ಕ್ವಿಂಟಲ್ ತೊಗರಿಯಲ್ಲಿ 2.35 ಕ್ವಿಂಟಲನ್ನು ಭಾಲ್ಕಿಯ ಪೇಟೆಯಲ್ಲಿ ಮಾರಿದನೆನ್ನೋಣ. ಉಳಿದುದೆಷ್ಟು? ಬಿಂದುವಿನ ಬಲಗಡೆಯದನ್ನು ಬೇರೊಂದು ಪೂರ್ಣಸಂಖ್ಯೆಯೆಂದು ಬಗೆದ ಬಾಲಕನು 35ರಲ್ಲಿ 3 ಕಳೆದು, 3.32 ಎನ್ನುತ್ತಾನೆ. ಆದರೆ ಆ 3 ಎಂದರೆ ಕ್ವಿಂಟಲಿನ ಹತ್ತು ಪಾಲಿನಲ್ಲಿ ಮೂರು, ಅಂದರೆ 30 ಕಿಲೋಗ್ರಾಂ. ಬಿಂದುವಿನ ಕೆಳಗೆ ಬಿಂದು ನಿಲ್ಲಿಸಿ 5.30ರಲ್ಲಿ 2.35 ಕಳೆದರೆ 2.95. ತಪ್ಪು ಉತ್ತರದಲ್ಲಿ ಇಲ್ಲದ 37 ಕಿಲೋಗ್ರಾಂ ತೊಗರಿ ಹುಟ್ಟಿಕೊಂಡಿದೆ!

“ಸೊನ್ನೆ ಸೇರಿಸು” ಎಂದು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನ ಅಲ್ಪ. ರೂಪಾಯಿಯ ಉದಾಹರಣೆಯೊಂದೇ ಸಾಲದೆಂಬುದು ನನ್ನ ಎಣಿಕೆ. ಪೈಸೆಯನ್ನು ಸದಾ ಎರಡಂಕಿಯಲ್ಲಿ ಬರೆಯುವುದರಿಂದ ತೊಡಕು ಮರೆಯಾಗುತ್ತದೆ. ಬೀದರ ನಗರದ ಬಟ್ಟೆಯಂಗಡಿಯಲ್ಲಿರುವಂಥ ಮೀಟರ್ ಕೋಲನ್ನು ಮಗುವಿನ ಕೈಗೆ ಕೊಡಿರಿ. 0.3 ಮೀಟರ್ 30 ಸೆಂಟಿಮೀಟರಿನ ಗೆರೆಯಲ್ಲಿಯೂ 0.35 ಅದರಿಂದ ಐದು ಗೆರೆ ಆಚೆಗೂ ಇರುವುದನ್ನು ಅದು ತಾನೇ ಕಾಣುವುದು.