ಮೊಬೈಲಿನ ಒಳಬೀಗ ತೆಗೆಯಬಹುದೇ?



ಸಂತೆಗೆಂದು ಮಧುಗಿರಿಗೋ ಶಿರಾಕ್ಕೋ ಹೋದಾಗ ನಿಮ್ಮಲ್ಲಿ ಅನೇಕರು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಲ್ಲುವುದುಂಟು. ಫೋನು ಕೊಂಡು ನಾಲ್ಕೈದು ವರ್ಷವಾಗಿರುತ್ತದೆ. ಒತ್ತಿದ್ದು ತಡವಾಗಿ ತೆರೆಯುತ್ತದೆ, ಜಾಗ ತುಂಬಿದೆ ಎನ್ನುತ್ತದೆ, ಕಂಪನಿಯವರು ಮೊದಲೇ ತುಂಬಿಸಿಕೊಟ್ಟ ಬೇಡದ ಆ್ಯಪುಗಳು ತೆಗೆಯಹೋದರೂ ಹೋಗುವುದಿಲ್ಲ. ಆಗ ಅಂಗಡಿಯ ಹುಡುಗನೋ, ಕಾಲೇಜಿನಿಂದ ರಜಕ್ಕೆ ಬಂದ ಅಕ್ಕನ ಮಗನೋ ಹೇಳುತ್ತಾನೆ: "ಮಾವ, ಹೊಸದು ಯಾಕೆ ತಗೋತೀಯ? ರೂಟ್ ಮಾಡಿ ಬೇರೆ ಸಾಫ್ಟ್‌ವೇರ್ ಹಾಕಿಕೊಡ್ತೀನಿ, ಕುದುರೆ ಓಡಿದಂಗೆ ಓಡ್ತದೆ."

ಈ ಮಾತು ಸುಳ್ಳಲ್ಲ; ಆದರೆ ಪೂರ್ತಿ ಮಾತೂ ಅಲ್ಲ. ಉಳಿದ ಅರ್ಧವನ್ನು ತಿಳಿದುಕೊಂಡ ಮೇಲೆ ಹೌದು ಎನ್ನುವುದೋ ಬೇಡ ಎನ್ನುವುದೋ ನಿಮಗೆ ಬಿಟ್ಟದ್ದು.

ಒಳಬೀಗ ಎಂದರೇನು?

ನಮ್ಮ ಹಳ್ಳಿಗಳಲ್ಲಿರುವ ಹೆಚ್ಚಿನ ಫೋನುಗಳನ್ನು ನಡೆಸುವ ಮೂಲ ಸಾಫ್ಟ್‌ವೇರಿನ ಹೆಸರು ಆಂಡ್ರಾಯ್ಡ್. ಇದನ್ನು ಹೊತ್ತ ಮೊದಲ ಫೋನು ಮಾರಾಟಕ್ಕೆ ಬಂದದ್ದು 2008ರಲ್ಲಿ. ಇದರ ತಳಹದಿ ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದರು. ಎರಡನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಫೋನು ತಯಾರಿಸುವ ಕಂಪನಿಗಳು ಇದನ್ನೇ ತೆಗೆದುಕೊಂಡು, ತಮಗೆ ಬೇಕಾದ ಹಾಗೆ ತಿದ್ದಿ, ಬೀಗ ಹಾಕಿ ಮಾರುತ್ತವೆ.

ಬೀಗದ ಕೆಲಸವೇನು? ಕಡಲೆಕಾಯಿ ಬಿತ್ತನೆಗೆ ಪ್ರಮಾಣಿತ ಬೀಜ ತಂದಾಗ ಚೀಲಕ್ಕೆ ನೀಲಿ ಚೀಟಿ ಇದೆಯೇ, ಹೊಲಿಗೆ ಬಿಚ್ಚಿಲ್ಲವೇ ಎಂದು ನೀವು ನೋಡುತ್ತೀರಿ. ಫೋನು ಹಾಕಿದಾಗಲೆಲ್ಲ ಅದೂ ತನ್ನೊಳಗಿನ ಸಾಫ್ಟ್‌ವೇರಿಗೆ ಕಂಪನಿಯ ಚೀಟಿ ಇದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಏಳುವುದಿಲ್ಲ. ಈ ಪರೀಕ್ಷೆಯನ್ನು ನಿಲ್ಲಿಸುವುದಕ್ಕೆ ಬೂಟ್‌ಲೋಡರ್ ಬಿಚ್ಚುವುದು ಎನ್ನುತ್ತಾರೆ. ಬಿಚ್ಚಿದ ಮೇಲೆ ಎರಡು ಕೆಲಸ ಸಾಧ್ಯ. ಒಂದು, ಇದ್ದ ಸಾಫ್ಟ್‌ವೇರಿನಲ್ಲೇ ಯಜಮಾನಿಕೆಯ ಅಧಿಕಾರ ಪಡೆಯುವುದು, ಇದೇ ರೂಟ್. ಎರಡು, ಇದ್ದುದನ್ನು ಅಳಿಸಿ ಹೊರಗಿನವರು ಸಿದ್ಧಪಡಿಸಿದ ಬೇರೆ ಆಂಡ್ರಾಯ್ಡನ್ನು ತುಂಬುವುದು. ಇದಕ್ಕೆ ಕಸ್ಟಮ್ ರಾಮ್ ಎಂದು ಹೆಸರು.

ಲಾಭಗಳು

ಲಾಭವೇ ಇಲ್ಲವೆಂದರೆ ಅನ್ಯಾಯವಾದೀತು. ಕನ್ನಡಿಗರಿಗೇ ಇದರಿಂದ ಒಂದು ಕಾಲಕ್ಕೆ ಉಪಕಾರವಾಗಿದೆ. 2012ರಲ್ಲಿ ಆಂಡ್ರಾಯ್ಡಿನ 4.1ನೇ ಆವೃತ್ತಿ ಬರುವವರೆಗೆ ಅದರ ಮೂಲ ಅಕ್ಷರಗಳಲ್ಲಿ ಕನ್ನಡ ಇರಲಿಲ್ಲ. ಹಲವು ಫೋನುಗಳಲ್ಲಿ ಕನ್ನಡದ ಸಾಲಿನ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಆಗ ಕೆಲವರು ಫೋನನ್ನು ರೂಟ್ ಮಾಡಿ, ಕನ್ನಡದ ಅಕ್ಷರಗಳನ್ನು ತಾವೇ ಒಳಗಿಟ್ಟು ಓದಿದರು. ಒತ್ತಕ್ಷರಗಳು ಸರಿಯಾಗಿ ಕೂಡದಿದ್ದರೂ ಅಕ್ಷರವಾದರೂ ಕಂಡಿತು. ಇಂದು ಕನ್ನಡ ಓದಲು ಆ ಸಾಹಸ ಬೇಕಾಗಿಲ್ಲ.

ಇನ್ನೊಂದು ಲಾಭ ಹಳೆಯ ಫೋನಿನ ಆಯುಸ್ಸು. ಕೆಲವು ವರ್ಷಗಳಾದ ಮೇಲೆ ಕಂಪನಿಯು ಹೊಸ ತಿದ್ದುಪಡಿ ಕೊಡುವುದನ್ನು ನಿಲ್ಲಿಸುತ್ತದೆ. ಅಂಥ ಫೋನುಗಳಲ್ಲಿ ಕೆಲವಕ್ಕೆ ಲಿನಿಯೇಜ್ ಓಎಸ್ ಎಂಬ ಸಾಫ್ಟ್‌ವೇರನ್ನು ಸ್ವಯಂಸೇವಕರು ತಯಾರಿಸಿ ಹಣ ಕೇಳದೆ ಕೊಡುತ್ತಾರೆ. ಬೇಡದ ಆ್ಯಪುಗಳ ಹೊರೆ ಅದರಲ್ಲಿ ಕಡಮೆ. ಮೂಲೆ ಸೇರಿದ್ದ ಫೋನು ಮಕ್ಕಳ ಪಾಠಕ್ಕೋ ಹಾಡು ಕೇಳುವುದಕ್ಕೋ ಮತ್ತೆ ಒದಗುತ್ತದೆ.

ನಷ್ಟಗಳು

ಮೊದಲನೆಯದು: ಬೂಟ್‌ಲೋಡರ್ ಬಿಚ್ಚಿದೊಡನೆ ಫೋನಿನಲ್ಲಿ ಇಟ್ಟದ್ದೆಲ್ಲ ಅಳಿಯುತ್ತದೆ. ಪಹಣಿಯ ಫೋಟೋ, ಮಗಳ ಮದುವೆಯ ಚಿತ್ರ, ದಲ್ಲಾಳಿಯ ನಂಬರು, ಯಾವುದನ್ನೂ ಅದು ಉಳಿಸುವುದಿಲ್ಲ.

ಎರಡನೆಯದು: ಕೆಲಸ ಅರ್ಧಕ್ಕೆ ನಿಂತರೆ, ಅಥವಾ ಬೇರೊಂದು ಮಾದರಿಯ ಫೋನಿಗೆಂದು ಮಾಡಿದ್ದನ್ನು ನಿಮ್ಮದಕ್ಕೆ ತುಂಬಿದರೆ, ಫೋನು ಮತ್ತೆ ಏಳದೆ ಇರಬಹುದು. ಹೆಸರು ಒಂದೇ ಇದ್ದರೂ ಒಳಗಿನ ಮಾದರಿ ಬೇರೆಯಾಗಿರುವುದುಂಟು.

ಮೂರನೆಯದು: ಗ್ಯಾರಂಟಿಗೆ ತೊಡಕು. ಸ್ಯಾಮ್ಸಂಗ್ ಕಂಪನಿಯ ಅನೇಕ ಫೋನುಗಳಲ್ಲಿ ಒಳಬೀಗ ತೆಗೆದು ಹೊರಗಿನ ಸಾಫ್ಟ್‌ವೇರ್ ತುಂಬಿದೊಡನೆ ಒಂದು ಫ್ಯೂಸು ಸುಟ್ಟಂತೆ ಗುರುತು ಬೀಳುತ್ತದೆ. ಪಂಪ್‌ಸೆಟ್ಟಿನ ಫ್ಯೂಸಿಗೆ ಹೊಸ ತಂತಿ ಹಾಕಬಹುದು, ಇದಕ್ಕೆ ಹಾಕಲಾಗದು. ಹಳೆಯ ಸಾಫ್ಟ್‌ವೇರನ್ನೇ ತಿರುಗಿ ತುಂಬಿದರೂ ಆ ಗುರುತು ಅಳಿಯುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಬೀಗ ತೆಗೆದ ಫೋನನ್ನು ಬ್ಯಾಂಕಿನವರು ನಂಬುವುದಿಲ್ಲ. ಬ್ಯಾಂಕುಗಳ ಮತ್ತು ಯುಪಿಐನ ಅನೇಕ ಆ್ಯಪುಗಳು ತೆರೆಯುವ ಮುನ್ನ ಒಳಬೀಗ ಭದ್ರವಾಗಿದೆಯೇ ಎಂದು ನೋಡುತ್ತವೆ. ಬಿಚ್ಚಿದೆ ಎಂದು ಕಂಡರೆ ಮುಚ್ಚಿಕೊಳ್ಳುತ್ತವೆ. ಚೀಟಿ ಇಲ್ಲದ ಬೀಜ ಒಳ್ಳೆಯದೇ ಇರಬಹುದು. ಆದರೂ ಚೀಟಿ ಕೇಳುವವನು ಅದನ್ನು ಕೊಳ್ಳುವುದಿಲ್ಲ, ಹಾಗೆ. ರೂಟ್ ಆದುದನ್ನು ಮರೆಮಾಡುವ ಉಪಾಯಗಳಿವೆ ಎಂದು ಹುಡುಗರು ಹೇಳುತ್ತಾರೆ. ಅವು ಇವೆ, ನಿಜ. ಆದರೆ ಇಂದು ನಡೆದ ಉಪಾಯ ಆ್ಯಪಿನ ಮುಂದಿನ ತಿದ್ದುಪಡಿಗೆ ಕೆಟ್ಟುಹೋಗಬಹುದು. ಗೊಬ್ಬರದ ಅಂಗಡಿಯಲ್ಲಿ ಮೂಟೆ ಎತ್ತಿಸಿದ ಮೇಲೆ ಫೋನು ಹಣ ಕೊಡುವುದಿಲ್ಲ ಎಂದರೆ ಏನು ಮಾಡುವಿರಿ?

ಬ್ಯಾಂಕಿನವರು ಹೀಗೆ ಮಾಡುವುದು ಹಟಕ್ಕಲ್ಲ. ಬಾವಿಯ ಮೋಟಾರಿನ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರುತ್ತದೆ. ಪದೇ ಪದೇ ಕಟ್ ಆಗುತ್ತದೆಂದು ಬೇಸತ್ತು ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟರೆ ಅಂದು ನೀರು ಬರುತ್ತದೆ. ಕಾಯಿಲ್ ಸುಡುವ ದಿನ ತಡೆಯುವವರು ಯಾರೂ ಇರುವುದಿಲ್ಲ. ಸಾಮಾನ್ಯ ಫೋನಿನಲ್ಲಿ ಒಂದು ಆ್ಯಪು ಇನ್ನೊಂದರ ಮನೆಯೊಳಗೆ ಇಣುಕಲಾರದು. ರೂಟ್ ಆದ ಫೋನಿನಲ್ಲಿ ಯಾವ ಆ್ಯಪಿಗೆ ಯಜಮಾನಿಕೆ ಕೊಟ್ಟಿರೋ ಅದಕ್ಕೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಪಿಎಂ ಕಿಸಾನ್ ಹೆಸರು ಹೊತ್ತ ನಕಲಿ ಆ್ಯಪು ಕಡತಗಳು ವಾಟ್ಸ್‌ಆ್ಯಪಿನಲ್ಲಿ ಹರಡಿವೆ. ಅಂಥದೊಂದು ಸಾಮಾನ್ಯ ಫೋನಿಗೆ ಹೊಕ್ಕರೇ ಅಪಾಯ. ಅದಕ್ಕೆ ಯಜಮಾನಿಕೆಯೂ ಸಿಕ್ಕಿತೆಂದರೆ ಹೇಳುವುದೇನಿದೆ?

ಕೊಟ್ಟವರು ನಾಳೆ ಇರುವರೇ?

ಇನ್ನೊಂದು ಮಾತನ್ನೂ ಯೋಚಿಸಬೇಕು. ಮೈಕ್ರೋಮ್ಯಾಕ್ಸ್ ಕಂಪನಿಯು 2015ರ ಆರಂಭದಲ್ಲಿ ಯು ಯುರೇಕಾ ಎಂಬ ಫೋನನ್ನು ನಮ್ಮ ದೇಶದಲ್ಲಿ ಮಾರಿತು. ಅದರಲ್ಲಿದ್ದದ್ದು ಸಯನೋಜೆನ್ ಎಂಬ ಬೇರೆ ಕಂಪನಿ ತಿದ್ದಿದ ಆಂಡ್ರಾಯ್ಡ್. ಎರಡು ವರ್ಷವೂ ತುಂಬಲಿಲ್ಲ. 2016ರ ಡಿಸೆಂಬರ್ 31ಕ್ಕೆ ಸಯನೋಜೆನ್ ತನ್ನ ಸೇವೆಗಳನ್ನು ನಿಲ್ಲಿಸಿತು. ಅದೇ ಕೆಲಸವನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ಲಿನಿಯೇಜ್ ಎಂದು ಹೆಸರಿಟ್ಟರು. ಬಲ್ಲವರು ಅದನ್ನು ತುಂಬಿಕೊಂಡರು. ತಿಳಿಯದವರ ಫೋನು ಇದ್ದಲ್ಲೇ ಉಳಿಯಿತು. ಕಂಪನಿಯ ಪಾಡೇ ಹೀಗಾದರೆ, ಅಂಗಡಿಯ ಹುಡುಗ ಎಲ್ಲಿಂದಲೋ ತಂದು ತುಂಬಿದ್ದಕ್ಕೆ ನಾಳೆ ಹೊಣೆ ಯಾರು?

ನಮ್ಮ ತಾಲ್ಲೂಕುಗಳ ಲೆಕ್ಕ

ಪಾವಗಡದ ತಿರುಮಣಿ, ವಳ್ಳೂರು ಕಡೆಯ ರೈತರು 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟಿದ್ದಾರೆ. ಗುತ್ತಿಗೆಯ ಹಣವೇ ಅವರ ಬೆಳೆ. ಕೊರಟಗೆರೆಯಲ್ಲಿ ಡೇರಿಗೆ ಹಾಲು ಹಾಕುವ ಮನೆಗೆ ಬಟವಾಡೆ ಖಾತೆಗೇ ಬರುತ್ತದೆ. ಶಿರಾದಲ್ಲಿ ತೆಂಗು, ಅಡಿಕೆ, ಮಧುಗಿರಿಯಲ್ಲಿ ಕಡಲೆಕಾಯಿ ಮಾರಿದವರು ಹಣ ಬಿತ್ತೇ ಎಂದು ಫೋನನ್ನೇ ನೋಡುತ್ತಾರೆ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. ಬೆಳೆ ಸಮೀಕ್ಷೆಯನ್ನು ರೈತರೇ ಮಾಡುವ ಆ್ಯಪು, ಆಧಾರಿನ ಓಟಿಪಿ, ಎಲ್ಲವೂ ಅದೇ ಫೋನಿನಲ್ಲಿ. ಹಿಂದೆ ಹಣದ ಪೆಟ್ಟಿಗೆಯನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಇಂದು ಆ ಪೆಟ್ಟಿಗೆ ಅಂಗಿಯ ಜೇಬಿನಲ್ಲಿದೆ.

ಆದುದರಿಂದ ನೆನಪಿಡಬೇಕಾದ ಸೂತ್ರ ಒಂದೇ: ಹಣವೂ ಓಟಿಪಿಯೂ ಬರುವ ಫೋನಿನ ಒಳಬೀಗವನ್ನು ತೆಗೆಯಕೂಡದು. ಕಲಿಯುವ ಆಸೆಯಿದ್ದರೆ ಮೂಲೆಗೆ ಬಿದ್ದ ಹಳೆಯ ಫೋನಿನಲ್ಲಿ ಕಲಿಯಲಿ. ಹೊಸ ತಳಿಯನ್ನು ನೀವು ಹೊಲಕ್ಕೆಲ್ಲ ಬಿತ್ತುವುದಿಲ್ಲ. ಒಂದು ಮಡಿಯಲ್ಲಿ ಹಾಕಿ ನೋಡುತ್ತೀರಿ.

ಮಾಡಬೇಕಾದ್ದು

1. ಫೋನು ನಿಧಾನವಾದರೆ ಮೊದಲು ಸುಲಭದ ಮದ್ದು ಮಾಡಿ. ವಾಟ್ಸ್‌ಆ್ಯಪಿನಲ್ಲಿ ತುಂಬಿದ ವೀಡಿಯೊಗಳನ್ನು ಅಳಿಸಿ. ತೆಗೆಯಲು ಬಾರದ ಆ್ಯಪುಗಳಲ್ಲಿ ಹಲವನ್ನು ಸೆಟ್ಟಿಂಗ್ಸಿಗೆ ಹೋಗಿ ನಿಷ್ಕ್ರಿಯ ಮಾಡಬಹುದು. ಇದಕ್ಕೆ ರೂಟ್ ಬೇಡ. ಕಂಪನಿಯ ತಿದ್ದುಪಡಿ ಬಂದಿದ್ದರೆ ಹಾಕಿಕೊಳ್ಳಿ.

2. ಹಳೆಯ ಫೋನಿನಲ್ಲಿ ಪ್ರಯೋಗ ಮಾಡುವುದಾದರೆ ಅದರ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ಮೊದಲು ತೆಗೆದಿಡಿ. ಫೋಟೋ, ನಂಬರುಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಬ್ಯಾಟರಿ ಪೂರ್ತಿ ಚಾರ್ಜಾಗಿರಲಿ.

3. ಲಿನಿಯೇಜ್‌ನವರ ಪಟ್ಟಿಯಲ್ಲಿ ನಿಮ್ಮದೇ ಮಾದರಿ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಬಿಡಿ.

4. ರಿಪೇರಿಗೆ ಕೊಡುವ ಮುನ್ನ *#06# ಒತ್ತಿ, ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಬರೆದಿಡಿ. ಸ್ವಂತ ಫೋನನ್ನು ರೂಟ್ ಮಾಡುವುದು ಬೇರೆ, ಈ ಸಂಖ್ಯೆಯನ್ನು ತಿದ್ದುವುದು ಬೇರೆ. 2023ರ ದೂರಸಂಪರ್ಕ ಕಾಯಿದೆಯಂತೆ ಇಂಥ ಗುರುತನ್ನು ತಿದ್ದಿದರೆ 3 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

5. ಹಳೆಯ ಫೋನು ಕೊಳ್ಳುವಾಗ ಅಂಗಡಿಯಲ್ಲೇ ನಿಂತು ನಿಮ್ಮ ಬ್ಯಾಂಕಿನ ಆ್ಯಪು ತೆರೆಯುತ್ತದೆಯೇ ನೋಡಿ. ಹಾಕಿದಾಗ ಬೂಟ್‌ಲೋಡರ್ ಬಿಚ್ಚಿದೆ ಎಂಬ ಎಚ್ಚರಿಕೆ ಕಂಡರೆ ಅದನ್ನು ಹಣದ ವ್ಯವಹಾರಕ್ಕೆ ಇಟ್ಟುಕೊಳ್ಳಬೇಡಿ.

6. ಖಾತೆಯಿಂದ ಹಣ ಮೋಸದಿಂದ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಕೈತಪ್ಪಿ ದೂರ ಹೋಗುತ್ತದೆ.

ಇನ್ನು ಅಕ್ಕನ ಮಗನ ಉತ್ಸಾಹವನ್ನು ಗದರಿಸಿ ಕೆಡಿಸಬೇಡಿ. ಯಂತ್ರದ ಒಳಗೇನಿದೆ ಎಂದು ನೋಡುವ ಹುಡುಗ ಊರಿಗೆ ಬೇಕಾದವನು. ಹಳೆಯ ಫೋನನ್ನು ಅವನ ಕೈಗೆ ಕೊಡಿ. ಜೇಬಿನಲ್ಲಿರುವುದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.